ಬಾಗಿಲಿಗೆ ಬಂದವರಿಗೆ ಮೊದಲು

ಮಂಗಳವಾರ ಬಂತೆಂದರೆ ಚಿಕ್ಕವೆಂಕಟಮ್ಮ ಒಂದು ಲೋಟ ಕಾಫಿ ಹೆಚ್ಚಿಗೆ ಕಾಯಿಸುತ್ತಿದ್ದಳು. ಅದು ಗೋಪಿಯ ಪಾಲಿನದು. ಗೋಪಿ ನೆಂಟನೂ ಅಲ್ಲ, ಊರಿನವನೂ ಅಲ್ಲ. ಊರ ಹೆಂಗಸರ ಗುಂಪಿಗೆ ಸಾಲ ಕೊಟ್ಟ ಕಂಪನಿಯ ಆಳು. ಬಂಗಾರಪೇಟೆಯಿಂದ ಬೈಕಿನಲ್ಲಿ ಬಂದು ವಾರದ ಕಂತು ಎತ್ತಿಕೊಂಡು ಹೋಗುವವನು. ಬೈಯುವ ಮನುಷ್ಯನಲ್ಲ. ಜಗಲಿಯ ಮೇಲೆ ಕೂತು, ಹೆಲ್ಮೆಟ್ ಪಕ್ಕಕ್ಕಿಟ್ಟು, "ಸುಮಲತಕ್ಕಾ, ನಿಮ್ದೊಂದೇ ಬಾಕಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಒಂದೇ ಒಂದು ಸಲ ಕೂಗುತ್ತಿದ್ದ. ಅಷ್ಟು ಸಾಕಾಗಿತ್ತು. ಎದುರುಮನೆಯ ಅಶ್ವತ್ಥಮ್ಮ ಕಸಬರಿಕೆ ಹಿಡಿದು ಹೊರಗೆ ಬರುತ್ತಿದ್ದಳು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು.

ಆ ಮಂಗಳವಾರ ಸೊಸೆ ಸುಮಲತ ಕೆರೆಯಂಚಿಗೆ ಹುಲ್ಲು ಕೊಯ್ಯಲು ಹೋಗಿದ್ದಳು. ಹಾಲಿನ ದುಡ್ಡು ಹಿಂದಿನ ದಿನವಷ್ಟೇ ಬ್ಯಾಂಕಿಗೆ ಬಿದ್ದಿತ್ತು. ಅವಳು ಅದನ್ನು ಬಿಡಿಸಿ ತಂದು ದೀಪದ ಗೂಡಿನಲ್ಲಿ ಇಟ್ಟಿದ್ದಳು. ಗೋಪಿ ಬಂದ, ಕೂತ, ಕೂಗಿದ. ಅಶ್ವತ್ಥಮ್ಮನ ಕಸಬರಿಕೆ ಸದ್ದು ಕೇಳಿತು. ಚಿಕ್ಕವೆಂಕಟಮ್ಮ ಗೂಡಿಗೆ ಕೈ ಹಾಕಿ, ಬಂದಷ್ಟನ್ನು ತೆಗೆದು, ಕಾಫಿ ಲೋಟದ ಜೊತೆಗೆ ಅವನ ಕೈಗಿಟ್ಟಳು.

ಹುಲ್ಲಿನ ಹೊರೆ ಇಳಿಸಿ ಒಳಗೆ ಬಂದ ಸುಮಲತ ಗೂಡಿನ ಮುಂದೆ ನಿಂತುಬಿಟ್ಟಳು.

"ಅತ್ತೆ, ಇಲ್ಲಿದ್ದ ದುಡ್ಡೆಲ್ಲಿ?"

"ಗೋಪಿಗೆ ಕೊಟ್ಟೆ ಕಣಮ್ಮ."

"ಅದು ಬೂಸಾಕ್ಕೆ ಇಟ್ಟಿದ್ದು. ಗೋಪಿಗೆ ಗುರುವಾರ ಕೊಡ್ತೀನಿ ಅಂತ ಪೋನಲ್ಲಿ ಏಳಿದ್ದೆ."

"ನಂಗೇನು ಗೊತ್ತಮ್ಮ? ಬಂದು ಬಾಗ್ಲಾಗೆ ಕುಂತವ್ನೆ. ಎದುರುಗಡೆ ಅಶ್ವತ್ಥಮ್ಮ ಪೊರಕೆ ಇಡ್ಕೊಂಡು ನಿಂತವ್ಳೆ. ಎಂಗೆ ಬರಿಗೈಲಿ ಕಳಿಸ್ಲಿ?"

"ಸರಿ, ಇವತ್ತು ಅಸಗಳ ಮುಂದೆ ಅಶ್ವತ್ಥಮ್ಮನ ಪೊರಕೇನೇ ಆಕ್ಬುಡಿ. ತಿನ್ಲಿ."

ಜಗಲಿಯಲ್ಲಿ ಕೂತಿದ್ದ ಮಾವ ಮುನಿನಾರಾಯಣಪ್ಪ ಅಲ್ಲಿಂದಲೇ ಗಂಟಲು ಸರಿಮಾಡಿಕೊಂಡ. "ಬಾಗ್ಲಿಗೆ ಬಂದೋರಿಗೆ ಮೊದ್ಲು ಕೊಡೋ ಮನೆ ಕಣಮ್ಮ ಇದು. ನಮ್ಮಪ್ಪನ ಕಾಲದಿಂದ್ಲೂ ಅಂಗೇ ನಡ್ಕೊಂಡು ಬಂದದೆ."

ಅದು ಸುಳ್ಳಲ್ಲ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಮುನಿನಾರಾಯಣಪ್ಪ ಕ್ಯಾಸಂಬಳ್ಳಿ ಕಡೆಯಿಂದ ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಉರಿಗಾಂ, ನಂದಿದುರ್ಗದ ಗಣಿ ಕೆಲಸಗಾರರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದವನು. ಹೊಲದ ಗೇಣಿಯವನಿರಲಿ, ಹಿಂಡಿ ಅಂಗಡಿಯವನಿರಲಿ, ಬಾಗಿಲಿಗೆ ಬಂದು ನಿಂತವನಿಗೆ ದುಡ್ಡು ಕೊಟ್ಟು ಕಳಿಸಿದ ಮೇಲೇ ಮನೆಯಲ್ಲಿ ಎಲೆ ಹಾಕುತ್ತಿದ್ದುದು. ಚಿಕ್ಕವೆಂಕಟಮ್ಮ ಮದುವೆಯಾಗಿ ಬಂದಾಗ ಅತ್ತೆ ಕಲಿಸಿಕೊಟ್ಟ ಮೊದಲ ಪಾಠವೂ ಅದೇ.

ಸಾಲ ಒಂದೇ ದಿನದಲ್ಲಿ ಬೆಳೆದದ್ದಲ್ಲ. ಎರಡನೆಯ ಹಸು ಕೊಳ್ಳಲೆಂದು ಸುಮಲತ ಗೋಪಿಯ ಕಂಪನಿಯಲ್ಲಿ ಮೊದಲ ಸಾಲ ತೆಗೆದಳು. ಆ ಸಾಲಕ್ಕೆ ಹಾಲೇ ಕಂತು ಕಟ್ಟುತ್ತಿತ್ತು. ಆಮೇಲೆ ಮಗ ಸುಧಾಕರ್, ವೈಟ್‌ಫೀಲ್ಡಿನ ಗೋಡೌನಿಗೆ ದಿನಾ ರೈಲಿನಲ್ಲಿ ಹೋಗಿಬರುವವನು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹೊರಟ ಗಾಡಿ ಹತ್ತಲು ಹೋಗಿ ಕಾಲು ಮುರಿದುಕೊಂಡ. ಮಳೆಗಾಲ ಪೂರ್ತಿ ಸಂಬಳವಿಲ್ಲ. ಸುಮಲತಳ ತವರಿನ ಸರ, ಬಳೆ ಬ್ಯಾಂಕಿಗೆ ಅಡವು ಹೋದವು. ಅದೂ ಸಾಲದೆ ಇನ್ನೊಂದು ಕಂಪನಿಯಲ್ಲಿ ಸಾಲ ಎತ್ತಿ ಗೋಪಿಯ ಕಂತು ಕಟ್ಟಿದರು. ಈಗ ಮಂಗಳವಾರ ಗೋಪಿ, ಶುಕ್ರವಾರ ಇನ್ನೊಬ್ಬ. ಇಬ್ಬರಿಗೂ ಒಂದು ವಾರವೂ ತಪ್ಪಿಸದೆ ಕೊಡುತ್ತಿದ್ದರು. ಬ್ಯಾಂಕಿನವರು ಮಾತ್ರ ಬಾಗಿಲಿಗೆ ಬರುತ್ತಿರಲಿಲ್ಲ. ಹಾಗಾಗಿ ಬ್ಯಾಂಕು ಯಾರ ನೆನಪಿಗೂ ಬರುತ್ತಿರಲಿಲ್ಲ.

ನೆನಪಿಗೆ ಬಂದದ್ದು ಫೋನು ಬಂದಾಗ. ಈ ತಿಂಗಳ ಕೊನೆಯೊಳಗೆ ಬಂದು ನೋಡದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ ಎಂದು ಬ್ಯಾಂಕಿನಿಂದ ಹೇಳಿದರು.

ಅಂದು ರಾತ್ರಿ ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಸುಧಾಕರ್ ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ, ಬಾಯಿಗಿಡದೆ ಹಿಡಿದುಕೊಂಡೇ ಹೇಳಿದ: "ಭಾನ್ವಾರ ಚಲಪತಿ ಬತ್ತಾನೆ. ಎರಡು ಅಸಾನೂ ಕೊಟ್ಬುಡಾಣ. ಒಡವೆ ಬಿಡಿಸ್ಕೊಳ್ಳಾಣ."

ಚಲಪತಿ ದನದ ದಲ್ಲಾಳಿ. ಚಿಕ್ಕವೆಂಕಟಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು.

"ಅಸ ಮಾರಿ? ಆಮ್ಯಾಕೆ ಗೋಪಿ ಕಂತು ಯಾವ ಕೊಟ್ಟಿಗೆಯಿಂದ ಕರೀತೀಯಲಾ?"

"ಮತ್ತೇನಮ್ಮ ಮಾಡ್ಲಿ? ಅವ್ಳ ತವರೋರು ಆಕಿದ ಸರ. ಹರಾಜಾದ್ರೆ ನಾನು ಆ ಊರಿಗೆ ಕಾಲಿಡಾಕಾಯ್ತದಾ?"

ಸುಮಲತ ತಟ್ಟೆ ನೋಡುತ್ತಲೇ ಅಂದಳು: "ನನ್ನ ಸರಕ್ಕೋಸ್ಕರ ಅಸ ಮಾರ್ಬೇಡಿ. ಬ್ಯಾಂಕಿಗೆ ಓದಾಗ ಒಬ್ರು ಏಳಿದ್ರು. ಅಲ್ಲೇ ಮೇಲ್ಗಡೆ ಸಾಲದ ಸಲಹೆ ಕೊಡೋ ಮೇಡಂ ಒಬ್ರು ಇದಾರಂತೆ. ಬುಧವಾರ ಬುಧವಾರ ಬತ್ತಾರೆ. ದುಡ್ಡೇನೂ ಇಲ್ವಂತೆ. ಎಲ್ಲಾ ಸಾಲಾನೂ ಮುಂದಿಟ್ಕೊಂಡು, ಯಾವ್ದು ಎಂಗೆ ಕಟ್ಬೇಕು ಅಂತ ದಾರಿ ಏಳ್ಕೊಡ್ತಾರಂತೆ."

"ಮನೆ ವಿಸ್ಯಾನ ಬ್ಯಾಂಕ್ ಮೆಟ್ಲು ಮ್ಯಾಲೆ ಏಳ್ಕೊಳ್ಳೋದಾ?" ಮುನಿನಾರಾಯಣಪ್ಪ ನೀರಿನ ಚೊಂಬನ್ನು ಕುಕ್ಕಿದ. "ಅಲ್ಲಿ ನಮ್ಮೂರೋರು ಯಾರಾದ್ರೂ ಕುಂತಿದ್ರೆ?"

"ಟ್ರೈನಲ್ಲಿ ಒಬ್ಬ ಬೇರೆ ತರ ಏಳ್ದ" ಎಂದ ಸುಧಾಕರ್. "ಅವ್ನಿಗೆ ಗೊತ್ತಿರೋ ಒಂದು ಕಂಪ್ನಿ ಇದ್ಯಂತೆ. ಮೊದ್ಲು ಪೀಸು ಕಟ್ಟಿದ್ರೆ ಅರ್ಧ ಸಾಲ ಅವ್ರೇ ಕರಗಿಸ್ತಾರಂತೆ."

"ಪೀಸು ಕಟ್ಟಾಕೆ ಇನ್ನೊಂದು ಸಾಲ ಮಾಡಾಣಾ?" ಎಂದಳು ಸುಮಲತ.

ಚಿಕ್ಕವೆಂಕಟಮ್ಮನಿಗೆ ಎರಡೂ ಹಿಡಿಸಲಿಲ್ಲ. ದುಡ್ಡು ಕೇಳುವವನು ಮೋಸಗಾರನಿರಬಹುದು; ಸರಿ. ಆದರೆ ಏನೂ ಕೇಳದೆ ಹೇಳಿಕೊಡುವವಳು ಯಾರು? ಅವಳಿಗೇನು ಲಾಭ? "ಪುಕ್ಸಟ್ಟೆ ಯಾರಮ್ಮ ಏಳ್ತಾರೆ? ಕೊನೇಲಿ ಅವ್ಳೂ ಒಂದು ಸಾಲ ಕೊಡ್ತೀನಿ ಅಂತಾಳೆ, ನೋಡ್ತಿರು" ಎಂದು ಹೇಳಿ ಉಳಿದ ಸಾರನ್ನು ಮಗನ ತಟ್ಟೆಗೆ ಸುರಿದಳು.

ಬೂಸಾ ಇಲ್ಲದ ವಾರ ಹಸುಗಳು ಹುಲ್ಲಿನಲ್ಲೇ ದಿನ ತಳ್ಳಿದವು. ಡೈರಿಗೆ ಹೋಗುವ ಕ್ಯಾನು ಹಗುರವಾಯಿತು. ಡೈರಿಯ ಕಾರ್ಯದರ್ಶಿ ಹಾಲು ಅಳೆದು, "ಏನಜ್ಜಿ, ಕರುಗೆ ಜಾಸ್ತಿ ಬುಟ್ಬುಟ್ರಾ?" ಎಂದು ನಕ್ಕ. ಚಿಕ್ಕವೆಂಕಟಮ್ಮನಿಗೆ ನಗು ಬರಲಿಲ್ಲ. ತಾನು ಗೋಪಿಯ ಕೈಗಿಟ್ಟದ್ದು ಇಲ್ಲಿ ಕ್ಯಾನಿನಿಂದ ಹೋಗುತ್ತಿದೆ ಎಂಬುದು ಅವಳಿಗೆ ಅಲ್ಲಿ ನಿಂತೇ ಗೊತ್ತಾಯಿತು. ಮನೆಗೆ ಬಂದವಳು ಯಾರಿಗೂ ಹೇಳದೆ, ಅಶ್ವತ್ಥಮ್ಮನ ಮನೆಯಿಂದ ಎರಡು ಸೇರು ಹಿಂಡಿ ಕಡ ತಂದಳು.

ಭಾನುವಾರ ಚಲಪತಿ ಬಂದ. ಹಸುಗಳ ಬಾಯಿ ಬಿಡಿಸಿ ನೋಡಿದ, ಕೆಚ್ಚಲು ಮುಟ್ಟಿ ನೋಡಿದ, ಬೆನ್ನು ತಟ್ಟಿದ. "ಆಲು ಬತ್ತೋಗ್ಯದೆ ಪೆದ್ದಾಯನಾ" ಎಂದು ತೆಲುಗು ಬೆರೆಸಿ ಮುನಿನಾರಾಯಣಪ್ಪನನ್ನು ದೊಡ್ಡಯ್ಯ ಮಾಡಿದ. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಅವನ ಕೈಯ ಮೇಲೆ ಹಾಸಿ, ಅದರಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಯಾವ ಬೆರಳು ಹಿಡಿದರೆಂದು ಮೂರನೆಯವರಿಗೆ ಕಾಣುವುದಿಲ್ಲ. ಚಿಕ್ಕವೆಂಕಟಮ್ಮನಿಗೆ ಕಂಡದ್ದು ಗಂಡನ ಮುಖ. ಆ ಮುಖ ನೋಡಿದ ಮೇಲೆ ಬೆಲೆ ಕೇಳುವ ಅಗತ್ಯವಿರಲಿಲ್ಲ.

"ಬರೋ ಭಾನ್ವಾರ ಏಳ್ತೀನಿ" ಎಂದು ಮುನಿನಾರಾಯಣಪ್ಪ ಕೈ ಬಿಡಿಸಿಕೊಂಡ.

"ಬರೋ ಭಾನ್ವಾರಕ್ಕೆ ಇನ್ನೂ ಇಳೀತದೆ" ಎಂದ ಚಲಪತಿ, ಟವೆಲ್ಲು ಕೊಡವುತ್ತಾ.

ಸೋಮವಾರ ಆರುಮುಗಂ ಬಂದ. ಉರಿಗಾಂ ಲೈನಿನಲ್ಲಿದ್ದ ಹಳೆಯ ಗಣಿ ಕೆಲಸಗಾರ, ಮುನಿನಾರಾಯಣಪ್ಪನ ಹಾಲಿನ ಕಾಲದ ಗೆಳೆಯ. ಸುಗ್ಗಿಯ ಮೇಲೆ ಒಂದು ಸಲ ಬಸ್ಸಿನಲ್ಲಿ ಬಂದು ಹೊಸ ರಾಗಿ ಕೊಂಡುಹೋಗುವುದು ಅವನ ರೂಢಿ. ಮನೆಯ ಮಂಕು ನೋಡಿ ಏನೆಂದು ಕೇಳಿದ. ಮುನಿನಾರಾಯಣಪ್ಪ "ಏನಿಲ್ಲ" ಎಂದ. ಚಿಕ್ಕವೆಂಕಟಮ್ಮ ಮಜ್ಜಿಗೆ ಕೊಡುತ್ತಾ ಎಲ್ಲವನ್ನೂ ಹೇಳಿಬಿಟ್ಟಳು.

"ಆ ಮೇಡಂ ಅತ್ರ ನಾನೇ ಓಗಿದ್ದೆನೇ" ಎಂದ ಆರುಮುಗಂ. "ನಮ್ಮ ಮಗ್ಳು ಮೀನಾ ಮದ್ವೇಲಿ ಅಲ್ಲಿ ಇಲ್ಲಿ ಸಾಲ ವಾಂಗಿ, ಬಡ್ಡಿ ಕಟ್ಟಿ ಕಟ್ಟಿ ಸಾಕಾಗಿತ್ತು. ಒಳ್ಳೆ ಅಮ್ಮ. ಒಂದ್ಸಲಾನೂ ಬಯ್ಯಲಿಲ್ಲ."

ಮುನಿನಾರಾಯಣಪ್ಪ ಅವನನ್ನೇ ನೋಡಿದ. "ನೀನು ಓಗಿದ್ದಾ? ನಾಚ್ಕೆ ಆಗ್ಲಿಲ್ವಾ?"

"ಎನ್ನಪ್ಪಾ ನಾಚ್ಕೆ?" ಆರುಮುಗಂ ಮಜ್ಜಿಗೆ ಲೋಟ ಕೆಳಗಿಟ್ಟ. "ಗಣಿ ಶಾಫ್ಟ್ ಒಳಗೆ ಕಬ್ಬಿಣದ ಕೇಜಲ್ಲಿ ಇಳಿಯೋವಾಗ ಮೇಲೆ ಮಿಷಿನ್ ಓಡಿಸೋನಿಗೆ ನಮ್ಮನ್ನ ಕಾಣಲ್ಲ. ನಾವೇ ಗಂಟೆ ಒಡ್ದು ಏಳ್ಬೇಕು, ಒಳಗೆ ಜನ ಇದ್ದಾರೆ, ಮೆಲ್ಲಗೆ ಬಿಡು ಅಂತ. ಗಂಟೆ ಒಡೀದಿದ್ರೆ ಅವ್ನು ಕಲ್ಲು ಬಿಡೋ ಸ್ಪೀಡಲ್ಲಿ ಬಿಡ್ತಾನೆ. ಅವ್ನದೇನು ತಪ್ಪು? ಮೂವತ್ತು ವರ್ಷ ಗಂಟೆ ಒಡ್ದೆ ಮುನಿ. ಒಂದು ದಿನಾನೂ ನಾಚ್ಕೆ ಆಗ್ಲಿಲ್ಲ."

ಮುನಿನಾರಾಯಣಪ್ಪ ಎದ್ದು ಒಳಗೆ ಹೋದ. ರಾಗಿ ಅಳೆದು ಕೊಟ್ಟ. ಗೆಳೆಯನ ಚೀಲವನ್ನು ತಾನೇ ಬಸ್ ಸ್ಟಾಪಿನವರೆಗೆ ಹೊತ್ತ.

ಸಂಜೆ ಹಾಲು ಕರೆಯುವಾಗ ಚಿಕ್ಕವೆಂಕಟಮ್ಮ ಸೊಸೆಯನ್ನು ಕೊಟ್ಟಿಗೆಗೆ ಕರೆದಳು. "ಬುಧವಾರ ನಾನೂ ಬತ್ತೀನಿ ನಿನ್ಜೊತೆ. ಸಾಲ ಕೊಡ್ತೀನಿ ಅಂದ್ಲು ಅನ್ನು, ಅಲ್ಲಿಂದ್ಲೇ ಎದ್ದು ಬಂದ್ಬುಡಾಣ."

"ಮಾವ?"

"ಬಂದ್ರೆ ಬರ್ಲಿ. ಬರ್ದಿದ್ರೆ ಅಸಗಳಿಗೆ ನೀರು ತೋರಿಸ್ಕೊಂಡು ಮನೇಲಿರ್ಲಿ."

ಬುಧವಾರ ಬೆಳಿಗ್ಗೆ ಮುನಿನಾರಾಯಣಪ್ಪ ಒಗೆದ ಪಂಚೆ ಉಟ್ಟು, ಇವರಿಗಿಂತ ಮುಂಚೆಯೇ ಬಸ್ ಸ್ಟಾಪಿನಲ್ಲಿ ನಿಂತಿದ್ದ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಧಾಕರ್ ಒಂದು ದಿನದ ರಜೆ ಹಾಕಿ ಬೈಕಿನಲ್ಲಿ ಹಿಂದೆ ಬಂದ.

ಬ್ಯಾಂಕಿನ ಮೇಲಿನ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ಕಿಟಕಿಯಾಚೆ ರೈಲಿನ ಸದ್ದು. ಸಲಹೆ ಕೊಡುವ ಮೇಡಂ ಅನಸೂಯಮ್ಮ ಬ್ಯಾಂಕಿನಿಂದಲೇ ನಿವೃತ್ತಳಾದ ಹೆಂಗಸು. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಸುಮಲತ ತೋರಿಸಿದಾಗ ತಾನೇ ನಕ್ಕಳು. ಚಿಕ್ಕವೆಂಕಟಮ್ಮನ ಅರ್ಧ ಭಯ ಅಲ್ಲೇ ಹೋಯಿತು.

ಅನಸೂಯಮ್ಮ ಎಲ್ಲರನ್ನೂ ಕೇಳಿದಳು. ಸಂಬಳ ಎಷ್ಟು, ಹಾಲು ಎಷ್ಟು, ಬೂಸಾ ಎಷ್ಟು, ಯಾರಿಗೆ ಎಷ್ಟು. ಸುಧಾಕರ್ ಒಂದು ಹೇಳಿದರೆ ಸುಮಲತ ತಿದ್ದಿದಳು. ಸುಮಲತ ಹೇಳಿದ್ದನ್ನು ಮಾವ ತಿದ್ದಲು ಹೋಗಿ ಸುಮ್ಮನಾದ. ಕೊನೆಗೆ ಅನಸೂಯಮ್ಮ ಪೆನ್ನು ಕೆಳಗಿಟ್ಟು ಕೇಳಿದಳು:

"ಕೈಗೆ ದುಡ್ಡು ಬಂದಾಗ ಮೊದಲು ಯಾರಿಗೆ ಕೊಡ್ತೀರಿ?"

ಚಿಕ್ಕವೆಂಕಟಮ್ಮನೇ ಹೇಳಿದಳು: "ಬಾಗ್ಲಿಗೆ ಬಂದೋರಿಗೆ ತಾಯಿ."

"ಬ್ಯಾಂಕಿಗೆ?"

"ಬ್ಯಾಂಕು ಬಾಗ್ಲಿಗೆ ಬರ್ಲಿಲ್ಲವಲ್ಲ."

ನಗುತ್ತಾಳೆಂದುಕೊಂಡಿದ್ದಳು. ಅನಸೂಯಮ್ಮ ನಗಲಿಲ್ಲ. "ನಮ್ಮ ಅಮ್ಮನೂ ಹಾಗೇ ಮಾಡ್ತಿದ್ದರು. ಮರ್ಯಾದಸ್ಥರ ಮನೆಯಲ್ಲಿ ಎಲ್ಲ ಹಾಗೇ. ಆದರೆ ನೋಡಿ ಅಜ್ಜಿ, ಬ್ಯಾಂಕು ಮನೆಗೆ ಬರಲಿಲ್ಲ ಅಂತ ಬಡ್ಡಿ ನಿಲ್ಲಲಿಲ್ಲ. ಹಸುವೂ ಬಾಗಿಲಿಗೆ ಬಂದು ಕೂಗಲಿಲ್ಲ, ಅದರ ಬೂಸಾ ಹೋಯಿತು. ಕೂಗಿದವರಿಗೆಲ್ಲ ಕೊಟ್ರಿ. ಕೂಗದೆ ಇದ್ದವರು ಹಿಂದೆ ಉಳಿದ್ರು."

ಚಿಕ್ಕವೆಂಕಟಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಬೈಸಿಕೊಂಡ ಹಾಗೆ ಅನ್ನಿಸಲಿಲ್ಲ. ಕಣ್ಣಿಗೆ ಬಿದ್ದ ಕಸವನ್ನು ಯಾರೋ ಮೆತ್ತಗೆ ತೆಗೆದ ಹಾಗಿತ್ತು.

"ಹಸು ಮಾರ್ತೀವಿ ಅಂದ್ರಲ್ಲ, ಯಾಕೆ?" ಅನಸೂಯಮ್ಮ ಸುಧಾಕರನ ಕಡೆ ತಿರುಗಿದಳು.

"ಒಡವೆ ಬಿಡಿಸ್ಬೇಕಲ್ಲ ಮೇಡಂ."

"ಬಿಡಿಸಲೇಬೇಕು ಅಂತ ಯಾರು ಹೇಳಿದ್ರು? ಬಂದು ನೋಡಿ ಅಂದ್ರು, ಅಷ್ಟೇ. ಇಲ್ಲಿವರೆಗಿನ ಬಡ್ಡಿ ಕಟ್ಟಿ, ಸಾಲವನ್ನ ಮತ್ತೊಂದು ಅವಧಿಗೆ ಹೊಸದು ಮಾಡಿಕೊಡಿ ಅಂತ ಕೇಳಬಹುದು. ನಾನೂ ಕೆಳಗೆ ಬಂದು ಮಾತಾಡ್ತೀನಿ. ಹಸು ಮಾರಿದ್ರೆ ದುಡಿಯೋ ಕೈ ಮಾರಿದ ಹಾಗೆ. ಬೈಕ್ ಇದೆಯಾ?"

ಸುಧಾಕರ್ ಹೆಂಡತಿಯ ಮುಖ ನೋಡಿದ. "ಅದೆ" ಎಂದ.

"ಅದು ಹಾಲು ಕೊಡಲ್ಲ ಅಲ್ವಾ?"

ಮುನಿನಾರಾಯಣಪ್ಪ ಅಷ್ಟು ದಿನಗಳಲ್ಲಿ ಮೊದಲ ಸಲ ಜೋರಾಗಿ ನಕ್ಕುಬಿಟ್ಟ. ಸುಧಾಕರನಿಗೆ ಸಿಟ್ಟು ಬಂದರೂ ತುಟಿ ಬಿಚ್ಚಿತು. ರೈಲಿನವನು ಹೇಳಿದ ಕಂಪನಿಯ ವಿಷಯವನ್ನೂ ತಾನೇ ಕೇಳಿದ. "ಫೀಸು ಕಟ್ಟಿದ್ರಾ?" "ಇನ್ನಾ ಇಲ್ಲ." "ಕಟ್ಟಬೇಡಿ" ಎಂದಳು, ಇನ್ನೊಂದು ಮಾತಾಡದೆ.

ಗುಂಪಿನ ಸಾಲದ ಕಂಪನಿಗಳಿಗೆ ಅನಸೂಯಮ್ಮನೇ ಫೋನು ಮಾಡಿದಳು. ಕಂತನ್ನು ಸ್ವಲ್ಪ ಇಳಿಸಿ, ಹಾಲಿನ ದುಡ್ಡು ಬೀಳುವ ದಿನಕ್ಕೆ ಹೊಂದಿಸಿಕೊಡಿ ಎಂದಳು. ಗೋಪಿಯ ಮ್ಯಾನೇಜರ್ ಮೊದಲು ಆಗುವುದಿಲ್ಲ ಎಂದ. ಅನಸೂಯಮ್ಮ ಫೋನಿಟ್ಟು ಇವರ ಕಡೆ ತಿರುಗಿದಳು. "ಕೇಳ್ತಾ ಇರೋಣ. ಅವರು ಒಪ್ಪಲೇಬೇಕು ಅಂತೇನಿಲ್ಲ. ಆದರೆ ಕೇಳದೆ ಯಾರೂ ಕೊಡಲ್ಲ. ಇನ್ನೊಂದು ಮಾತು. ನಿಮ್ಮ ಗುಂಪಿನವರಿಗೆ ನೀವೇ ಹೋಗಿ ಹೇಳಬೇಕು. ನಿಮಗೆ ಜಾಮೀನು ನಿಂತವರು ಅವರು."

ಕಷ್ಟವಾದದ್ದು ಅದೇ. ಬಸ್ಸಿನುದ್ದಕ್ಕೂ ಸುಮಲತ ಗುಂಪಿನವರನ್ನು ಬೆರಳಲ್ಲಿ ಎಣಿಸುತ್ತಾ ಕೂತಿದ್ದಳು. ಮನೆ ಮುಂದೆ ಇಳಿದಾಗ ಚಿಕ್ಕವೆಂಕಟಮ್ಮ, "ನೀನು ಒಲೆ ಅಚ್ಚು ಓಗು" ಎಂದು ಹೇಳಿ ತಾನೇ ಬೀದಿ ದಾಟಿ, ಅದೇ ಗುಂಪಿನವಳಾದ ಅಶ್ವತ್ಥಮ್ಮನ ಬಾಗಿಲಿಗೆ ಹೋದಳು.

ಅಶ್ವತ್ಥಮ್ಮ ಎಲ್ಲ ಕೇಳಿಸಿಕೊಂಡಳು. ಕೇಳಿ, ಕಂಬಕ್ಕೊರಗಿ, ಉಸಿರು ಬಿಟ್ಟಳು. "ಇಷ್ಟು ದಿನ ಏಳ್ಬಾರ್ದಾಗಿತ್ತಾ ಅಕ್ಕಾ? ಗೋಪಿ ಬೈಕು ಬಂತು ಅಂದ್ರೆ ನನ್ನ ಎದೆ ಡವಡವ ಅನ್ನೋದು. ನೀವು ಕಟ್ಟಿಲ್ಲ ಅಂದ್ರೆ ನಮ್ಮೇಲೆ ಬೀಳ್ತದಲ್ಲ ಅಂತ. ಕಟ್ಟಿದ್ರೋ ಇಲ್ವೋ ನೋಡಾಕೆ ಪೊರಕೆ ಇಡ್ಕೊಂಡು ಆಚೆ ಬತ್ತಿದ್ದೆ."

"ನಾನು ನೀನು ಆಡ್ಕೊಳ್ಳಾಕೆ ಬತ್ತೀಯ ಅಂದ್ಕೊಂಡಿದ್ದೆ."

"ಆಡ್ಕೊಳ್ಳಾಕೆ ನಂಗೆಲ್ಲಿ ಪುರಸೊತ್ತು ಅಕ್ಕಾ? ನಮ್ದೂ ನಿಮ್ ತರಾನೇ ಕುಂಟ್ಕೊಂಡು ಓಯ್ತಾ ಅದೆ." ಅಶ್ವತ್ಥಮ್ಮ ಒಳಗೆ ಹೋಗಿ ಇನ್ನೊಂದು ಸೇರು ಹಿಂಡಿ ತಂದಳು. "ಇದು ಕಡ ಅಲ್ಲ. ತಗೊಂಡೋಗಿ ಆಕು."

ಬೈಕು ಮಾರಿದ ದುಡ್ಡು ಒಡವೆಯ ಬಡ್ಡಿಗಾಯಿತು. ಬ್ಯಾಂಕು ಸಾಲವನ್ನು ಹೊಸದು ಮಾಡಿಕೊಟ್ಟಿತು. ಎರಡನೆಯ ಕಂಪನಿ ಬೇಗ ಒಪ್ಪಿತು. ಗೋಪಿಯ ಮ್ಯಾನೇಜರನ ಬೆನ್ನನ್ನು ಅನಸೂಯಮ್ಮ ಮೂರು ಬುಧವಾರ ಬಿಡಲಿಲ್ಲ. ಕೊನೆಗೆ ಅವನೂ ಕಂತು ಇಳಿಸಿದ. ಸಾಲವೇನೂ ಮಾಯವಾಗಲಿಲ್ಲ. ಸುಧಾಕರ್ ಈಗ ನಸುಕಿನಲ್ಲಿ ಪಕ್ಕದೂರಿನವನ ಬೈಕಿನ ಹಿಂದೆ ಕೂತು ಸ್ಟೇಷನ್ನಿಗೆ ಹೋಗುತ್ತಿದ್ದ. ಪೆಟ್ರೋಲಿಗೆ ಅರ್ಧ ಕೊಡುತ್ತಿದ್ದ, ಅವನು ತಡಮಾಡಿದ ದಿನ ಗೊಣಗುತ್ತಿದ್ದ. ಹಬ್ಬಕ್ಕೆ ಯಾರಿಗೂ ಬಟ್ಟೆ ಬರಲಿಲ್ಲ. ಆದರೆ ಭಾನುವಾರ ಚಲಪತಿ ಫೋನು ಮಾಡಿದಾಗ ಮುನಿನಾರಾಯಣಪ್ಪನೇ ಎತ್ತಿ, "ಇಲ್ಲಪ್ಪ, ಅಸ ಕೊಡಲ್ಲ. ನೀನು ಬಂದ್ರೆ ಊಟ ಮಾಡ್ಕೊಂಡು ಓಗು, ಟವೆಲ್ಲು ಮಾತ್ರ ತರ್ಬೇಡ" ಎಂದ. ಬೂಸಾ ಬಂತು. ಹದಿನೈದು ದಿನಕ್ಕೆ ಕ್ಯಾನು ಮತ್ತೆ ಕೈ ಜಗ್ಗುವಷ್ಟಾಯಿತು.

ಒಂದು ರಾತ್ರಿ ಮುದ್ದೆ ಬಡಿಸುವಾಗ ಚಿಕ್ಕವೆಂಕಟಮ್ಮ ಸೊಸೆಯ ತಟ್ಟೆಗೆ ತುಪ್ಪ ಹಾಕಿದಳು.

"ನಂಗ್ಯಾಕತ್ತೆ? ಮಾವಂಗೆ ಆಕಿ."

"ನಿಮ್ಮಾವ ಏನು ಮಾಡವ್ನೆ? ಸುಮ್ನೆ ತಿನ್ನು. ನೀನು ಬುಡ್ದೆ ಇಡ್ಕೊಂಡಿದ್ದಕ್ಕೆ ನನ್ನ ಅಸ ಉಳೀತು."

ಸುಮಲತ ತಲೆ ಬಗ್ಗಿಸಿ ಊಟ ಮಾಡಿದಳು. ಮುನಿನಾರಾಯಣಪ್ಪ, "ಬಸ್ ಸ್ಟಾಪಿಗೆ ಮೊದ್ಲು ಓಗಿ ನಿಂತೋನು ನಾನು" ಎಂದ. ಅವನಿಗೂ ಒಂದು ಮಿಳ್ಳೆ ತುಪ್ಪ ಬಿತ್ತು.

ಅವರೆ ಬಂದ ಕಾಲ. ಹೊಲದ ಬದುವಿನಲ್ಲಿ ಬಿಟ್ಟ ಮೊದಲ ಸೊಗಡವರೆಯನ್ನು ಚೀಲದ ತುಂಬ ಕಿತ್ತು ಚಿಕ್ಕವೆಂಕಟಮ್ಮ ಒಂದು ಬುಧವಾರ ಒಬ್ಬಳೇ ಬಂಗಾರಪೇಟೆಗೆ ಹೋದಳು. ಅನಸೂಯಮ್ಮ ಎರಡೂ ಕೈ ಮುಗಿದಳು. "ಅಜ್ಜಿ, ನಾನು ಯಾರ ಹತ್ತಿರವೂ ಏನೂ ತಗೊಳ್ಳೋ ಹಾಗಿಲ್ಲ. ನಿಯಮ ಹಾಗಿದೆ."

"ಪೀಸಲ್ಲಮ್ಮ ಇದು. ಅವರೇಕಾಯಿ."

"ಅವರೇಕಾಯಿ ಅಂತ ಕಾಣ್ತಾ ಇದೆ ಅಜ್ಜಿ. ಸೊಗಡು ಮೆಟ್ಟಿಲಿಂದಲೇ ಬಂತು." ಅನಸೂಯಮ್ಮ ಚೀಲಕ್ಕೆ ಮುಖ ಹತ್ತಿರ ತಂದು ಒಂದು ಸಲ ಮೂಸಿದಳು. "ಇಷ್ಟು ಸಾಕು. ನೀವು ಬಂದ್ರಲ್ಲ, ಸಂತೋಷ ಆಯ್ತು."

ಹೊತ್ತು ತಂದದ್ದನ್ನು ಹಾಗೇ ಹೊತ್ತುಕೊಂಡು ಹೋಗಲು ಚಿಕ್ಕವೆಂಕಟಮ್ಮನಿಗೆ ಮನಸ್ಸಾಗಲಿಲ್ಲ. ಮುನಿಸಿಕೊಂಡ ಹಾಗೆ ಮೆಟ್ಟಿಲಿಳಿದು ಬಂದು, ಕೆಳಗಿನ ಕಟ್ಟೆಯ ಮೇಲೆ ಕೂತಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಸೆರಗು ಹರಡಿಕೊಂಡು ಕಾಯಿ ಸುಲಿಯತೊಡಗಿದಳು.

ಗೇಟಿನಾಚೆ ಒಬ್ಬ ಹೆಂಗಸು ನಿಂತಿದ್ದಳು. ಸೆರಗನ್ನು ತಲೆಯ ಮೇಲೆಳೆದುಕೊಂಡು ಒಂದು ಸಲ ಮೆಟ್ಟಿಲ ಕಡೆ ನೋಡುವಳು, ಒಂದು ಸಲ ರಸ್ತೆಯ ಕಡೆ. ಎರಡು ಹೆಜ್ಜೆ ಒಳಗಿಟ್ಟಳು. ಬ್ಯಾಂಕಿನಿಂದ ಯಾರೋ ಹೊರಗೆ ಬಂದದ್ದೇ ಮತ್ತೆ ಗೇಟಿನಾಚೆ ಹೋದಳು.

ಚಿಕ್ಕವೆಂಕಟಮ್ಮ ಕೈಯಲ್ಲಿದ್ದ ಕಾಯಿಯನ್ನು ಪೂರ್ತಿ ಸುಲಿದು, ಕಾಳನ್ನು ಮಡಿಲಿಗೆ ಹಾಕಿಕೊಂಡಳು. ಆಮೇಲೆ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡು ಕಟ್ಟೆಯ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದಳು.

"ಬಾ ತಾಯಿ, ಕುಂತ್ಕೋ" ಎಂದು ಕರೆದಳು. "ಮೇಲ್ಗಡೆ ಇರೋ ಅಮ್ಮ ಒಳ್ಳೇವ್ಳು, ಬಯ್ಯಲ್ಲ. ಅವಸ್ರ ಏನಿಲ್ಲ. ಒಂದೀಟು ಕಾಯಿ ಸುಲ್ಕೊಡು ಬಾ, ಆಮ್ಯಾಕೆ ಇಬ್ರೂ ಮೇಲಕ್ಕೆ ಓಗಾಣ."